ಕರೆಂಟ್ ಹೋದಾಗ ಕಂಪ್ಯೂಟರಿನ ಕಿರ್ದಿ ಪುಸ್ತಕ

 

ಈ ವಾರದ ಪ್ರಶ್ನೆ ಕಳಿಸಿದವಳು ವಿಜಯನಗರದ ಏಳನೇ ತರಗತಿಯ ಹುಡುಗಿ. ಅವಳ ಮಾತಿನಲ್ಲೇ ಓದಿ: "ತಾತ, ನಮ್ಮನೆ ಹಳೇ ಕಂಪ್ಯೂಟರಿಗೆ ಮಾವ ಲಿನಕ್ಸ್ ಹಾಕಿಕೊಡ್ತಾರಂತೆ. ಹಾಕುವಾಗ ಯಾವ ಫೈಲ್‌ಸಿಸ್ಟಂ ಬೇಕು ಅಂತ ಅದು ಕೇಳುತ್ತಂತೆ. ನಮ್ಮ ಬೀದೀಲಿ ಗಾಳಿ ಬಂದರೆ ಸಾಕು, ಕರೆಂಟ್ ಹೋಗುತ್ತೆ. ಯಾವುದನ್ನ ಹಾಕಿಸಿಕೊಂಡರೆ ಫೈಲ್ ಹಾಳಾಗಲ್ಲ? ಅದರಲ್ಲಿ ನಮ್ಮಜ್ಜಿ ಹೇಳಿದ ಕಥೆಗಳ ರೆಕಾರ್ಡಿಂಗ್ ಇದೆ. ಅಜ್ಜಿ ಈಗ ಇಲ್ಲ."

ಕೊನೆಯ ಎರಡು ವಾಕ್ಯ ಓದಿದ ಮೇಲೆ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟೆ. ಕಂಪ್ಯೂಟರ್ ಕೆಟ್ಟರೆ ಇನ್ನೊಂದು ತರಬಹುದು. ಅಜ್ಜಿಯ ದನಿಯನ್ನು ಯಾವ ಅಂಗಡಿಯಿಂದ ತರೋಣ? ಆದ್ದರಿಂದ ಈ ವಾರ ಪೂರ್ತಿ ಇದೇ ವಿಷಯ.

ಈ ಪ್ರಶ್ನೆ ಒಬ್ಬಳದೇ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೊಸ ವಿಂಡೋಸ್ ಎಷ್ಟೋ ಹಳೆಯ ಯಂತ್ರಗಳಿಗೆ ಹೊಂದುವುದಿಲ್ಲ. ಹಾಗಾಗಿ ಮನೆಯಲ್ಲಿರುವ ಗಟ್ಟಿಮುಟ್ಟಾದ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮಕ್ಕಳಿಗೆ ಕೊಡುವವರು ಹೆಚ್ಚಾಗಿದ್ದಾರೆ. ಲಿನಕ್ಸಿಗೆ ದುಡ್ಡಿಲ್ಲ, ಕನ್ನಡವೂ ಚೆನ್ನಾಗಿ ಬರುತ್ತದೆ. ಒಳ್ಳೆಯದೇ.

ಇನ್ನು ಕರೆಂಟಿನ ಮಾತು. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು 1902ರಲ್ಲಿ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅಂದಿನಿಂದ ಇಂದಿನವರೆಗೆ ನಮ್ಮ ಊರಿನ ಕರೆಂಟಿಗೂ ಮಳೆಗೂ ಒಂದು ಒಪ್ಪಂದವಿದ್ದಂತಿದೆ. ಅಶ್ವಿನಿ, ಭರಣಿ ಮಳೆ ಶುರುವಾದರೆ ರಾಜಾಜಿನಗರದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬೀಳುತ್ತದೆ, ಬಸವೇಶ್ವರನಗರದಲ್ಲಿ ದೀಪ ಮಿಣುಕುತ್ತದೆ, ಕೆಂಗೇರಿ ಉಪನಗರದಲ್ಲಿ ಹೋಗಿ ಬಂದು ಹೋಗಿ ಬಂದು ಆಟ ಆಡುತ್ತದೆ. ಫ್ಯಾನಿಗೆ ಇದರಿಂದ ಏನೂ ಆಗದು. ಕಂಪ್ಯೂಟರಿಗೆ ಆಗುತ್ತದೆ. ಯಾಕೆ?

ಗೂಡುಗಳ ಕಪಾಟು

ಕಂಪ್ಯೂಟರಿನ ಡಿಸ್ಕನ್ನು ಒಂದು ದೊಡ್ಡ ಕಪಾಟು ಅಂದುಕೊಳ್ಳಿ. ಅದರಲ್ಲಿ ಕೋಟಿಗಟ್ಟಲೆ ಸಣ್ಣ ಗೂಡುಗಳಿವೆ. ಸಾಮಾನ್ಯವಾಗಿ ಒಂದೊಂದು ಗೂಡಿನಲ್ಲಿ 4096 ಬೈಟ್ ಹಿಡಿಯುತ್ತದೆ. ಅಜ್ಜಿಯ ಒಂದು ಕಥೆ ಇಂಥ ಸಾವಿರಾರು ಗೂಡುಗಳಲ್ಲಿ ಕೂತಿರುತ್ತದೆ. ಯಾವ ಕಥೆ ಯಾವ ಗೂಡಿನಲ್ಲಿದೆ, ಯಾವ ಗೂಡು ಖಾಲಿ, ಯಾವ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಲೆಕ್ಕ ಇಡುವ ಗುಮಾಸ್ತನೇ ಫೈಲ್‌ಸಿಸ್ಟಂ. ಗುಮಾಸ್ತ ಪುಸ್ತಕ ಕಳೆದುಕೊಂಡರೆ ಕಥೆ ಕಪಾಟಿನಲ್ಲೇ ಇದ್ದರೂ ಯಾರಿಗೂ ಸಿಗುವುದಿಲ್ಲ.

ಒಂದು ಫೈಲ್ ಉಳಿಸಲು ಈ ಗುಮಾಸ್ತ ಕನಿಷ್ಠ ನಾಲ್ಕು ಕೆಲಸ ಮಾಡಬೇಕು. ಗೂಡಿನಲ್ಲಿ ಮಾಹಿತಿ ಇಡಬೇಕು. ಖಾಲಿ ಗೂಡುಗಳ ಪಟ್ಟಿಯಲ್ಲಿ ಆ ಗೂಡನ್ನು ಹೊಡೆದುಹಾಕಬೇಕು. ಫೈಲಿನ ಚೀಟಿಯಲ್ಲಿ ಗೂಡಿನ ನಂಬರ್ ಬರೆಯಬೇಕು. ಫೋಲ್ಡರಿನ ಪಟ್ಟಿಯಲ್ಲಿ ಹೆಸರು ಸೇರಿಸಬೇಕು. ಎರಡು ಕೆಲಸ ಮುಗಿದು ಮೂರನೆಯದು ಬಾಕಿ ಇರುವಾಗ ಕರೆಂಟ್ ಹೋದರೆ ಪುಸ್ತಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಪಾಯ ಇರುವುದು ಇಲ್ಲಿ.

ಬ್ಯಾಂಕಿನಲ್ಲಿ ಇದೇ ಚಿಂತೆ ನಮಗೂ ಇತ್ತು. ರಾಮಯ್ಯನ ಖಾತೆಯಿಂದ 500 ರೂಪಾಯಿ ತೆಗೆದು ಸೀತಮ್ಮನ ಖಾತೆಗೆ ಹಾಕಬೇಕು. ತೆಗೆದದ್ದು ಬರೆದಾಯಿತು, ಹಾಕುವುದು ಬರೆಯುವ ಮೊದಲು ಗುಮಾಸ್ತ ಊಟಕ್ಕೆದ್ದ. ಆ 500 ರೂಪಾಯಿ ಈಗ ಯಾರದು?

ಮೊದಲು ಕಿರ್ದಿ, ಆಮೇಲೆ ಖಾತೆ

ಇದಕ್ಕೆ ಲೆಕ್ಕಪತ್ರದವರು ಬಹಳ ಹಿಂದೆಯೇ ಉಪಾಯ ಕಂಡುಕೊಂಡಿದ್ದರು. ನಮ್ಮ ಊರುಗಳ ಅಂಗಡಿ ಸಾಹುಕಾರರು ಇಡುತ್ತಿದ್ದ ರೋಜು ಕಿರ್ದಿಯನ್ನು ಅಜ್ಜಿ-ತಾತಂದಿರು ಬಲ್ಲಿರಿ. ವ್ಯವಹಾರ ನಡೆದ ಕೂಡಲೇ ಕಿರ್ದಿಯಲ್ಲಿ ಬರೆಯಬೇಕು, ಅಲ್ಲಿಂದ ಖಾತೆ ಪುಸ್ತಕಕ್ಕೆ ಏರಿಸಬೇಕು. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಲೂಕಾ ಪಾಚಿಯೋಲಿಯ ಗಣಿತ ಪುಸ್ತಕದಲ್ಲೂ ಕಿರ್ದಿ ಬೇರೆ, ಖಾತೆ ಬೇರೆ ಎಂಬ ಪಾಠವಿದೆ. ನಾನು ಬಿ.ಕಾಂ. ಓದುವಾಗ ಕಿರ್ದಿಗೆ ಇಂಗ್ಲಿಷಿನಲ್ಲಿ ಜರ್ನಲ್ ಎನ್ನುತ್ತಿದ್ದರು. ಕಂಪ್ಯೂಟರಿನವರೂ ಅದೇ ಹೆಸರಿನಿಂದ ಕರೆಯುತ್ತಾರೆ: ಜರ್ನಲ್ ಇರುವ ಫೈಲ್‌ಸಿಸ್ಟಂ.

ಅದು ಕೆಲಸ ಮಾಡುವ ರೀತಿ ಹೀಗೆ. ಗುಮಾಸ್ತ ಖಾತೆ ಪುಸ್ತಕ ಮುಟ್ಟುವ ಮೊದಲು "ನಾನು ಈ ಈ ಪುಟಗಳನ್ನು ಹೀಗೆ ಬದಲಿಸಲಿದ್ದೇನೆ" ಎಂದು ಜರ್ನಲ್ಲಿನಲ್ಲಿ ಪೂರ್ತಿ ಬರೆಯುತ್ತಾನೆ. ಬರೆದಾದ ಮೇಲೆ ಕೆಳಗೆ ಒಂದು ರುಜು ಹಾಕುತ್ತಾನೆ. ಆಮೇಲೆ ಖಾತೆ ಪುಸ್ತಕವನ್ನು ನಿಧಾನವಾಗಿ ತಿದ್ದುತ್ತಾನೆ. ನಡುವೆ ಕರೆಂಟ್ ಹೋಯಿತೇ? ವಾಪಸ್ ಬಂದಾಗ ಜರ್ನಲ್ ತೆರೆದು ನೋಡುತ್ತಾನೆ. ರುಜು ಇದ್ದರೆ ಆ ಕೆಲಸವನ್ನು ಪೂರ್ತಿ ಮಾಡುತ್ತಾನೆ. ರುಜು ಇಲ್ಲದಿದ್ದರೆ ಅದನ್ನು ಬಿಟ್ಟುಬಿಡುತ್ತಾನೆ. ಅರ್ಧಂಬರ್ಧ ಎಂಬುದು ಉಳಿಯುವುದಿಲ್ಲ.

ಲಿನಕ್ಸಿನಲ್ಲಿ ಮೊದಲು ಈ ಸೌಕರ್ಯ ಇರಲಿಲ್ಲ. 1993ರಲ್ಲಿ ಬಂದ ಇಎಕ್ಸ್‌ಟಿ2 ಎಂಬ ಫೈಲ್‌ಸಿಸ್ಟಮ್ಮಿಗೆ ಕಿರ್ದಿಯೇ ಇಲ್ಲ. ಕರೆಂಟ್ ಹೋಗಿ ಬಂದರೆ ಎಫ್‌ಎಸ್‌ಸಿಕೆ ಎಂಬ ತಪಾಸಣಾಧಿಕಾರಿ ಇಡೀ ಕಪಾಟಿನ ಲೆಕ್ಕವನ್ನೆಲ್ಲ ಮೊದಲಿನಿಂದ ತಾಳೆ ನೋಡಬೇಕಿತ್ತು. ಡಿಸ್ಕ್ ದೊಡ್ಡದಾದಷ್ಟೂ ಕಾಯುವುದು ಹೆಚ್ಚು. 2001ರಲ್ಲಿ ಸ್ಟೀಫನ್ ಟ್ವೀಡಿ ಎಂಬವರ ಕೆಲಸದಿಂದ ಇಎಕ್ಸ್‌ಟಿ3 ಲಿನಕ್ಸಿಗೆ ಸೇರಿತು. ಅದೇ ಕಪಾಟು, ಜೊತೆಗೆ ಒಂದು ಕಿರ್ದಿ. ಗಂಟೆಗಟ್ಟಲೆಯ ತಪಾಸಣೆ ಕೆಲವು ಸೆಕೆಂಡಿಗೆ ಇಳಿಯಿತು. 2008ರ ಡಿಸೆಂಬರ್ 25ರಂದು ಬಂದ ಲಿನಕ್ಸ್ ಆವೃತ್ತಿಯಲ್ಲಿ ಅದರ ತಮ್ಮ ಇಎಕ್ಸ್‌ಟಿ4 ಬಳಕೆಗೆ ಸಿದ್ಧ ಎಂದು ಸಾರಿದರು.

ಕಿರ್ದಿ ಏನನ್ನು ಕಾಯುವುದಿಲ್ಲ

ಇಲ್ಲಿ ಮಕ್ಕಳು ಕಿವಿಗೊಟ್ಟು ಕೇಳಬೇಕು. ನೀವು ಪ್ರಬಂಧ ಬರೆಯುತ್ತಿದ್ದೀರಿ, ಇನ್ನೂ ಸೇವ್ ಮಾಡಿಲ್ಲ, ಕರೆಂಟ್ ಹೋಯಿತು. ಆ ಪ್ರಬಂಧ ಡಿಸ್ಕಿಗೆ ಬಂದೇ ಇಲ್ಲ. ವೋಚರನ್ನೇ ಕೊಡದೆ ಗುಮಾಸ್ತನನ್ನು ಬೈದರೆ ಹೇಗೆ?

ಸೇವ್ ಮಾಡಿದರೂ ಒಂದು ಸಣ್ಣ ಅಂತರವಿದೆ. ಇಎಕ್ಸ್‌ಟಿ4 ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಕಿರ್ದಿಗೆ ರುಜು ಹಾಕುತ್ತದೆ. ಆದರೆ ಮಾಹಿತಿಗೆ ಗೂಡು ಹಂಚುವುದನ್ನು ಅದು ಸ್ವಲ್ಪ ಮುಂದೂಡುತ್ತದೆ. ಹಾಗೆ ಮಾಡಿದರೆ ಅಕ್ಕಪಕ್ಕದ ಗೂಡು ಸಿಕ್ಕಿ ಕೆಲಸ ಚುರುಕಾಗುತ್ತದೆ. ಆದ್ದರಿಂದ ಹೊಸ ಫೈಲಿನ ಒಳಗಿನ ಸರಕು ಕಪಾಟು ಸೇರಲು ಅರ್ಧ ನಿಮಿಷದಷ್ಟು ಹಿಡಿಯಬಹುದು.

2009ರಲ್ಲಿ ಇದರಿಂದ ದೊಡ್ಡ ಗಲಾಟೆಯೇ ಆಯಿತು. ಕೆಲವು ತಂತ್ರಾಂಶಗಳು ಹಳೆಯ ಫೈಲನ್ನು ಖಾಲಿ ಮಾಡಿ, ಅದರಲ್ಲೇ ಹೊಸದನ್ನು ಬರೆಯುತ್ತಿದ್ದವು. ಖಾಲಿಯಾದದ್ದು ದಾಖಲಾಗಿ, ಹೊಸದು ಬರುವ ಮೊದಲು ಯಂತ್ರ ನಿಂತರೆ ಫೈಲಿನ ಹೆಸರು ಮಾತ್ರ ಇರುತ್ತಿತ್ತು, ಒಳಗೆ ಸೊನ್ನೆ. ಇಎಕ್ಸ್‌ಟಿ4ರ ಮುಖ್ಯಸ್ಥ ಥಿಯೋಡೋರ್ ತ್ಸೋ ಅದೇ ವರ್ಷ ಪರಿಹಾರ ಸೇರಿಸಿದರು. ಹಳೆಯ ಫೈಲಿನ ಜಾಗಕ್ಕೆ ಹೊಸದು ಬರುವಾಗ ಮುಂದೂಡದೆ ಕೂಡಲೇ ಬರೆಯುವ ವ್ಯವಸ್ಥೆ ಅದು. ಈಗಿನ ಲಿನಕ್ಸಿನಲ್ಲೆಲ್ಲ ಆ ತಿದ್ದುಪಡಿ ಇದೆ.

ವಿಜಯನಗರದ ಮಗಳೇ, ನಿನಗೆ ಮುಖ್ಯವಾದ ಮಾತು ಇದು. ನಿನ್ನ ಅಜ್ಜಿಯ ರೆಕಾರ್ಡಿಂಗ್ ಎಂದೋ ಬರೆದು ಮುಗಿದ ಫೈಲು. ಅದನ್ನು ದಿನಾ ಯಾರೂ ತಿದ್ದುವುದಿಲ್ಲ. ಕರೆಂಟ್ ಹೋದಾಗ ಅದರ ಗೂಡುಗಳಿಗಿಂತ ಅದರ ವಿಳಾಸ ಬರೆದ ಪುಸ್ತಕಕ್ಕೆ ಅಪಾಯ ಹೆಚ್ಚು. ಕಿರ್ದಿ ಕಾಯುವುದು ಆ ಪುಸ್ತಕವನ್ನೇ.

ಉಳಿದ ಅಭ್ಯರ್ಥಿಗಳು

ನಿಮ್ಮ ಮಾವ ಬೇರೆ ಹೆಸರುಗಳನ್ನೂ ಹೇಳಬಹುದು. ಒಂದೊಂದನ್ನೂ ನೋಡೋಣ.

ಎಕ್ಸ್‌ಎಫ್‌ಎಸ್: 1990ರ ದಶಕದಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ದೊಡ್ಡ ಯಂತ್ರಗಳಿಗಾಗಿ ಮಾಡಿದ್ದು. ಇದಕ್ಕೂ ಕಿರ್ದಿ ಇದೆ. ರೆಡ್ ಹ್ಯಾಟ್ ಕಂಪನಿ 2014ರಿಂದ ತನ್ನ ಲಿನಕ್ಸಿನಲ್ಲಿ ಇದನ್ನೇ ಮೊದಲ ಆಯ್ಕೆಯಾಗಿ ಇಟ್ಟಿದೆ. ದೊಡ್ಡ ಕಚೇರಿಯ ಸರ್ವರಿಗೆ ಸೊಗಸು. ಮನೆಯ ಯಂತ್ರಕ್ಕೆ ಇದರಿಂದ ವಿಶೇಷ ಲಾಭವಿಲ್ಲ.

ಬಿಟಿಆರ್‌ಎಫ್‌ಎಸ್: ಬಾಯಿಮಾತಿನಲ್ಲಿ ಬಟರ್ ಎಫ್‌ಎಸ್ ಅನ್ನುತ್ತಾರೆ. ಬೆಣ್ಣೆ ಎಂದು ನಾವು ಕರೆದರೆ ತಪ್ಪಿಲ್ಲ. 2007ರಲ್ಲಿ ಕ್ರಿಸ್ ಮೇಸನ್ ಶುರುಮಾಡಿದ್ದು. ಇದರ ದಾರಿಯೇ ಬೇರೆ. ಹಳೆಯ ಪುಟವನ್ನು ತಿದ್ದುವುದೇ ಇಲ್ಲ. ಹೊಸ ಪುಟದಲ್ಲಿ ಪೂರ್ತಿ ಬರೆದು, ಕೊನೆಯಲ್ಲಿ "ಇನ್ನು ಮುಂದೆ ಈ ಪುಟ ನೋಡಿ" ಎಂದು ಪರಿವಿಡಿಯನ್ನು ಬದಲಿಸುತ್ತದೆ. ನಡುವೆ ಕರೆಂಟ್ ಹೋದರೆ ಹಳೆಯ ಪುಟ ಹಾಗೇ ಇರುತ್ತದೆ. ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಪ್ರತಿ ಗೂಡಿನ ಸರಕಿಗೂ ಇದು ಒಂದು ತಾಳೆ ಸಂಖ್ಯೆ ಬರೆದಿಡುತ್ತದೆ. ಅದಕ್ಕೆ ಚೆಕ್‌ಸಮ್ ಎನ್ನುತ್ತಾರೆ. ಓದುವಾಗ ತಾಳೆಯಾಗದಿದ್ದರೆ "ಈ ಫೈಲ್ ಕೆಟ್ಟಿದೆ" ಎಂದು ಕೂಗಿ ಹೇಳುತ್ತದೆ. ಇಎಕ್ಸ್‌ಟಿ4 ತನ್ನ ಪುಸ್ತಕಗಳಿಗೆ ತಾಳೆ ಸಂಖ್ಯೆ ಇಡಬಲ್ಲದು, ಫೈಲಿನ ಒಳಗಿನ ಸರಕಿಗೆ ಇಡುವುದಿಲ್ಲ. ಫೆಡೋರಾ ಲಿನಕ್ಸ್ 2020ರಿಂದ ಮನೆಬಳಕೆಯ ಆವೃತ್ತಿಗೆ ಬೆಣ್ಣೆಯನ್ನೇ ಆರಿಸಿಕೊಂಡಿದೆ. ಆದರೆ ಡಿಸ್ಕ್ ಪ್ರಾಮಾಣಿಕವಾಗಿರಬೇಕು. ಬರೆಯದೆ ಬರೆದೆ ಎನ್ನುವ ಡಿಸ್ಕ್ ಸಿಕ್ಕರೆ ಪರಿವಿಡಿಯೇ ಕೆಟ್ಟು ಕಪಾಟು ತೆರೆಯದಂತಾಗಬಹುದು. ಆಗ ದುರಸ್ತಿಗೆ ತಿಳಿದವರೇ ಬೇಕು.

ಝಡ್‌ಎಫ್‌ಎಸ್: ಸನ್ ಕಂಪನಿಯಿಂದ 2005ರಲ್ಲಿ ಹೊರಬಂದದ್ದು. ಬೆಣ್ಣೆಯಂತೆಯೇ ಹೊಸ ಪುಟದಲ್ಲಿ ಬರೆಯುವ, ತಾಳೆ ನೋಡುವ ಜಾತಿ. ಲೈಸೆನ್ಸಿನ ಕಾರಣಕ್ಕೆ ಲಿನಕ್ಸಿನೊಳಗೆ ಸೇರಿಲ್ಲ, ಬೇರೆಯಾಗಿ ಹಾಕಿಕೊಳ್ಳಬೇಕು. ಹಳೇ ಕಂಪ್ಯೂಟರಿಗೆ ಭಾರ.

ಎಫ್‌ಎಟಿ32, ಎಕ್ಸ್‌ಫ್ಯಾಟ್: ಪೆನ್‌ಡ್ರೈವಿನಲ್ಲಿ ಇರುವವು. ಇವಕ್ಕೆ ಕಿರ್ದಿ ಇಲ್ಲ. ಹೊತ್ತೊಯ್ಯಲು ಅನುಕೂಲ, ಅಜ್ಜಿಯ ದನಿಯನ್ನು ಇವುಗಳೊಳಗೆ ಮಾತ್ರ ಇಟ್ಟು ನಿಶ್ಚಿಂತೆಯಾಗಿರಬೇಡಿ.

ಸುಳ್ಳು ಹೇಳುವ ಡಿಸ್ಕ್

ಗುಮಾಸ್ತ ಎಷ್ಟೇ ನಿಷ್ಠನಾದರೂ ಕೆಳಗಿರುವ ಡಿಸ್ಕ್ ಮೋಸ ಮಾಡಬಹುದು. ಎಲ್ಲ ಡಿಸ್ಕಿಗೂ ಒಂದು ಸಣ್ಣ ತಾತ್ಕಾಲಿಕ ಜ್ಞಾಪಕ ಇರುತ್ತದೆ. ಬರೆಯಬೇಕಾದ್ದನ್ನು ಅಲ್ಲಿ ಇಟ್ಟುಕೊಂಡು ಅನುಕೂಲ ನೋಡಿ ಬರೆಯುತ್ತದೆ. ಇಎಕ್ಸ್‌ಟಿ4 ರುಜು ಹಾಕುವಾಗ "ಇಲ್ಲಿಯವರೆಗಿನದ್ದನ್ನು ನಿಜವಾಗಿ ಬರೆದುಬಿಡು" ಎಂದು ಆಜ್ಞೆ ಮಾಡುತ್ತದೆ. ಇದಕ್ಕೆ ಬ್ಯಾರಿಯರ್ ಎನ್ನುತ್ತಾರೆ. ವೇಗಕ್ಕಾಗಿ ಬ್ಯಾರಿಯರ್ ತೆಗೆದುಹಾಕಿ ಎಂದು ಯಾರಾದರೂ ಬುದ್ಧಿ ಹೇಳಿದರೆ ನಮಸ್ಕಾರ ಹೇಳಿ ಕಳಿಸಿ. ಕರೆಂಟ್ ಹೋಗುವ ಊರಿನಲ್ಲಿ ಅದು ಬಾಗಿಲಿನ ಚಿಲಕ ತೆಗೆದಂತೆ.

ಅಗ್ಗದ ಎಸ್‌ಎಸ್‌ಡಿಗಳಲ್ಲಿ ಇನ್ನೊಂದು ತೊಂದರೆ ಇದೆ. ಅವು ಒಳಗೊಳಗೇ ಹಳೆಯ ಮಾಹಿತಿಯನ್ನೂ ಜಾಗ ಬದಲಿಸುತ್ತಿರುತ್ತವೆ. ಆ ಗಳಿಗೆಯಲ್ಲಿ ಕರೆಂಟ್ ಹೋದರೆ ಯಾವ ಫೈಲ್‌ಸಿಸ್ಟಂ ಕೂಡ ಪೂರ್ತಿ ಕಾಪಾಡಲಾರದು. ಆಗ ಕೈಹಿಡಿಯುವುದು ಇನ್ನೊಂದು ಕಡೆ ಇರುವ ಪ್ರತಿ.

ಕಾಸರಗೋಡಿನ ಮಕ್ಕಳು

ಇದೆಲ್ಲ ದೊಡ್ಡವರ ಕಚೇರಿಯ ಮಾತು ಎಂದುಕೊಳ್ಳಬೇಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಅಲ್ಲಿನ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟುವಿನ ಆಧಾರದ ಮೇಲೆ ಶಾಲೆಗಳಿಗಾಗಿಯೇ ಒಂದು ಲಿನಕ್ಸ್ ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡು, ಮಂಜೇಶ್ವರದ ಕಡೆಯ ಕನ್ನಡ ಮಾಧ್ಯಮದ ಮಕ್ಕಳೂ ಆ ಶಾಲೆಗಳವರೇ. ಅಲ್ಲಿಯ ಮಳೆ-ಗುಡುಗಿನ ಮುಂದೆ ನಮ್ಮ ಭರಣಿ ಮಳೆ ಮಗುವಿನ ಅಳು. ಉಬುಂಟು 2009ರ ಅಕ್ಟೋಬರಿನಿಂದಲೂ ತಾನಾಗಿ ಮುಂದಿಡುವ ಫೈಲ್‌ಸಿಸ್ಟಂ ಇಎಕ್ಸ್‌ಟಿ4. ಇಷ್ಟು ವರ್ಷ, ಇಷ್ಟು ಬಗೆಯ ಯಂತ್ರಗಳಲ್ಲಿ ಓಡಿದ್ದಕ್ಕೆ ಒಂದು ಬೆಲೆ ಇದೆ. ಏನಾದರೂ ಕೆಟ್ಟರೆ ಸರಿಮಾಡಬಲ್ಲವರು ಪಕ್ಕದ ಬೀದಿಯಲ್ಲೇ ಸಿಗುತ್ತಾರೆ.

ಹಾಗಾದರೆ ಏನು ಮಾಡುವುದು?

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು. ಮಾವ ಕಂಪ್ಯೂಟರ್ ಮುಟ್ಟುವ ಮೊದಲು ರೆಕಾರ್ಡಿಂಗುಗಳನ್ನು ಬೇರೆ ಎರಡು ಕಡೆ ನಕಲು ಮಾಡಿ. ಹೊಸ ಫೈಲ್‌ಸಿಸ್ಟಂ ಹಾಕುವುದೆಂದರೆ ಹಳೆಯ ಲೆಕ್ಕದ ಪುಸ್ತಕವನ್ನು ಹರಿದು ಹೊಸದು ಕಟ್ಟುವುದು. ಭರಣಿ ಮಳೆ ಹತ್ತು ವರ್ಷದಲ್ಲಿ ಮಾಡದ ಅನಾಹುತವನ್ನು ಫಾರ್ಮ್ಯಾಟ್ ಗುಂಡಿ ಒಂದು ನಿಮಿಷದಲ್ಲಿ ಮಾಡುತ್ತದೆ. ನಕಲು ಮಾಡಿದ ಮೇಲೆ ಒಂದೊಂದು ಕಥೆಯನ್ನೂ ಹಾಕಿ ಕೇಳಿ ನೋಡಿ. ಕೇಳಿಸಿದರೆ ಮಾತ್ರ ಮುಂದಿನ ಕೆಲಸ.

ಎರಡನೆಯದು, ಕಂಪ್ಯೂಟರಿಗೆ ಇಎಕ್ಸ್‌ಟಿ4. ಅದು ಬರುವ ಹಾಗೆಯೇ ಇರಲಿ, ಯಾವ ಆಯ್ಕೆಯನ್ನೂ ಕೆದಕಬೇಡಿ.

ಮೂರನೆಯದು, ಒಂದು ಪ್ರತ್ಯೇಕ ಹೊರಗಿನ ಡಿಸ್ಕ್. ಬೆಣ್ಣೆ ಹಾಕಬಲ್ಲವರಿದ್ದರೆ ಆ ಡಿಸ್ಕಿಗೆ ಅದನ್ನು ಹಾಕಬಹುದು. ತಾಳೆ ಸಂಖ್ಯೆಯ ಲಾಭ ಸಿಗುತ್ತದೆ. ಇಲ್ಲದಿದ್ದರೆ ಅದಕ್ಕೂ ಇಎಕ್ಸ್‌ಟಿ4 ಸಾಕು. ನಕಲು ಮುಗಿದ ಮೇಲೆ ಸುರಕ್ಷಿತವಾಗಿ ತೆಗೆಯುವ ಗುಂಡಿ ಒತ್ತಿ, ಆಮೇಲೆ ತಂತಿ ಕೀಳಿ. ಆ ಡಿಸ್ಕ್ ಬೀರುವಿನಲ್ಲಿರಲಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ದೊಡ್ಡಮ್ಮನ ಮನೆಯೋ, ಅತ್ತೆಯ ಮನೆಯೋ ಆಗಬಹುದು. ಬ್ಯಾಂಕಿನಲ್ಲಿ ಎರಡನೇ ಬೀಗದ ಕೈಯನ್ನು ಅದೇ ಮೇಜಿನಲ್ಲಿ ಇಡುವುದಿಲ್ಲ.

ನಾಲ್ಕನೆಯದು, ಯುಪಿಎಸ್. ಮನೆಯ ಕಂಪ್ಯೂಟರಿಗೆ ಸಣ್ಣದು ಸಾಕು. ಅದು ಕೊಡುವ ಕೆಲವು ನಿಮಿಷ ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ಸರಿಯಾಗಿ ಮುಚ್ಚಲು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂಬದಿ ನೋಡಿ. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಎಂಬ ಸ್ಥಾನಕ್ಕೆ ತಿರುಗಿಸುವ ಗುಂಡಿ ಇರುತ್ತದೆ. ಬೇರೆ ಸ್ಥಾನದಲ್ಲಿದ್ದರೆ ದೀಪಗಳು ಉರಿಯುತ್ತಿದ್ದರೂ ಕಂಪ್ಯೂಟರ್ ಮಾತ್ರ ಆರಿ ಹತ್ತಬಹುದು. ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪ್ ಇದ್ದವರು ಹೊಸ ಬ್ಯಾಟರಿ ಹಾಕಿಸಿ. ಲ್ಯಾಪ್‌ಟಾಪಿಗೆ ಅದೇ ಯುಪಿಎಸ್. ಸಿಡಿಲು ಗುಡುಗಿದರೆ ಎಲ್ಲದರ ಪ್ಲಗ್ಗನ್ನೂ ದೊಡ್ಡವರಿಂದ ತೆಗೆಸಿ.

ಐದನೆಯದು, ಕರೆಂಟ್ ಬಂದ ಮೇಲೆ ಕಂಪ್ಯೂಟರ್ ತನ್ನ ಕಿರ್ದಿ ನೋಡಿಕೊಳ್ಳುತ್ತಿರುವಾಗ ಅವಸರಪಟ್ಟು ಮತ್ತೆ ಆರಿಸಬೇಡಿ. ಲೆಕ್ಕ ತಾಳೆ ಮಾಡುತ್ತಿರುವ ಗುಮಾಸ್ತನನ್ನು ಮಾತಾಡಿಸಬಾರದು.

ಈ ವಾರದ ಆಟ

ಅಜ್ಜಿ ಅಥವಾ ತಾತನ ಜೊತೆ ಕೂತು ಆಡಿ. ಒಂದು ಹಾಳೆಯಲ್ಲಿ ಖಾತೆ: ರವಿಗೆ 20 ಗೋಲಿ, ಮೀನಾಗೆ 10. ಒಟ್ಟು 30. ಈಗ ರವಿಯ 5 ಗೋಲಿ ಮೀನಾಗೆ ಹೋಗಬೇಕು. ಮಗು ಖಾತೆ ತಿದ್ದುತ್ತಿರುವಾಗ ತಾತ ಯಾವಾಗ ಬೇಕಾದರೂ "ಕರೆಂಟ್ ಹೋಯ್ತು!" ಎಂದು ಕೂಗಬಹುದು. ಕೂಗಿದ ಕೂಡಲೇ ಪೆನ್ಸಿಲ್ ಕೆಳಗೆ. ಈಗ ಕೂಡಿಸಿ ನೋಡಿ. ರವಿಗೆ 15, ಮೀನಾಗೆ ಇನ್ನೂ 10 ಇದ್ದರೆ 5 ಗೋಲಿ ಮಾಯ.

ಎರಡನೇ ಸಲ ಇನ್ನೊಂದು ಹಾಳೆಯನ್ನು ಕಿರ್ದಿ ಮಾಡಿ. ಮೊದಲು ಅದರಲ್ಲಿ ಬರೆದು ರುಜು ಹಾಕಿ, ಆಮೇಲೆ ಖಾತೆ ತಿದ್ದಿ. ತಾತ ಎಲ್ಲಿ ಕೂಗಿದರೂ ರುಜು ಇದ್ದರೆ ಪೂರ್ತಿ ಮಾಡಿ, ಇಲ್ಲದಿದ್ದರೆ ಬಿಡಿ. ಪ್ರತಿಸಲವೂ ಒಟ್ಟು 30 ಬರಬೇಕು.

ಒಂದು ಒಗಟು ಇದರೊಳಗೇ ಇದೆ. ಕಿರ್ದಿಯಲ್ಲಿ "ರವಿಯಿಂದ 5 ಕಳೆ, ಮೀನಾಗೆ 5 ಕೂಡಿಸು" ಎಂದು ಬರೆದರೆ, ಕೆಲಸ ಅರ್ಧ ಆಗಿದ್ದಾಗ ಮತ್ತೆ ಮೊದಲಿನಿಂದ ಮಾಡಿದರೆ ರವಿಯಿಂದ ಎರಡು ಸಲ ಕಳೆದುಹೋಗುತ್ತದೆ. ಅದರ ಬದಲು "ರವಿಗೆ 15, ಮೀನಾಗೆ 15" ಎಂದು ಕೊನೆಯ ಲೆಕ್ಕವನ್ನೇ ಬರೆದರೆ? ಹತ್ತು ಸಲ ಮಾಡಿದರೂ 15 ಹದಿನೈದೇ. ಇಎಕ್ಸ್‌ಟಿ4 ತನ್ನ ಕಿರ್ದಿಯಲ್ಲಿ ಬದಲಾದ ಪುಟದ ಪೂರ್ತಿ ನಕಲನ್ನೇ ಇಡುವುದು ಇದೇ ಕಾರಣಕ್ಕೆ. ಈ ಜಾಣತನ ಯಾರ ಮನೆಯ ಮಗುವಿಗೆ ತಾನಾಗಿ ಹೊಳೆಯಿತೋ ನನಗೆ ಬರೆದು ತಿಳಿಸಿ.

ಅಜ್ಜಿ-ತಾತಂದಿರಿಗೂ ಒಂದು ಕೆಲಸ. ಮೊಮ್ಮಕ್ಕಳಿಗೆ ಇವತ್ತು ಒಂದು ಕಥೆ ಹೇಳಿ, ಅವರು ಅದನ್ನು ರೆಕಾರ್ಡ್ ಮಾಡಿಕೊಳ್ಳಲಿ. ಯಾವ ಫೈಲ್‌ಸಿಸ್ಟಮ್ಮೂ ಹೇಳದ ಕಥೆಯನ್ನು ಉಳಿಸಿಕೊಡಲಾರದು.